ಎರಡು ಸೆಕೆಂಡ್ ಸುಮ್ಮನಿದ್ರೆ ನಿದ್ದೆ ಹೋಗೋ ಕೀಬೋರ್ಡ್

1/8

ಮೊದಲನೇ ಫೋಟೋದಲ್ಲಿ ಇರೋದು ನನ್ನ ಕೀಬೋರ್ಡ್. ಶಿಕಾರಿಪುರದಲ್ಲಿ 350 ರೂಪಾಯಿ ಕೊಟ್ಟು ತಗೊಂಡಿದ್ದು. ಪಕ್ಕದಲ್ಲಿ ಇರೋದು ಹಾಳಾದ ಒಂದು ಸ್ಟಾಂಪ್ ಪೇಪರ್. ಹೆಸರು, ನಂಬರ್ ಎಲ್ಲಾ ಮುಚ್ಚಿದೀನಿ, ಝೂಮ್ ಮಾಡಿ ಹುಡುಕಬೇಡಿ. ಈ ಎರಡಕ್ಕೂ ಏನು ಸಂಬಂಧ ಅಂತ ಹೇಳೋಕೆ ಎಂಟು ಪೋಸ್ಟ್ ಬೇಕಾಗುತ್ತೆ. ತಾಳ್ಮೆ ಇದ್ದವರು ಓದಿ, ಇಲ್ಲದವರು 7ನೇ ಪೋಸ್ಟ್‌ಗೆ ಹೋಗಿ, ಪರಿಹಾರ ಅಲ್ಲಿದೆ.

ಕ್ಲಾಸಿನವರಿಗೆ ನನ್ನ ಲ್ಯಾಪ್‌ಟಾಪ್ ಗೊತ್ತೇ ಇದೆ. ಸೆಕೆಂಡ್ ಹ್ಯಾಂಡ್. ಹೋದ ವರ್ಷ ಅದರ ಮೇಲೆ ಚಹಾ ಚೆಲ್ಲಿ ಅರ್ಧ ಕೀ ಸತ್ತವು. ಆವತ್ತಿಂದ ಯುಎಸ್‌ಬಿ ಕೀಬೋರ್ಡ್ ಚುಚ್ಚಿಕೊಂಡೇ ಕೆಲಸ. ವಿಂಡೋಸ್ ಹಾಕಿದ್ರೆ ಅದು ಆನ್ ಆಗೋಷ್ಟರಲ್ಲಿ ಮೊದಲನೇ ಪಿರಿಯಡ್ ಮುಗಿದಿರುತ್ತೆ, ಅದಕ್ಕೇ ಲಿನಕ್ಸ್. "ಹ್ಯಾಕರ್ ಬಂದ" ಅಂತ ನೀವೆಲ್ಲಾ ನಗ್ತಿದ್ರಲ್ಲ, ಆ ಹ್ಯಾಕರ್ ತನ್ನ ಅಜ್ಜಿ ಜಮೀನಿನ ಕಾಗದವನ್ನೇ ತಾನೇ ಹ್ಯಾಕ್ ಮಾಡ್ಕೊಂಡ ಕಥೆ ಇದು.

ಕಳೆದುಹೋಗಿದ್ದು ಒಂದೇ ಒಂದು ಅಂಕಿ. ಅದಕ್ಕೆ ಹೋಗಿದ್ದು ಒಂದು ತಿಂಗಳು.

2/8

ನಮ್ಮೂರು ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗೋ ರಸ್ತೆಯಿಂದ ಒಳಗೆ ಬರಬೇಕು. ವಾರವಿಡೀ ಶಿಕಾರಿಪುರದಲ್ಲಿ ರೂಮು, ಶನಿವಾರ ಮಧ್ಯಾಹ್ನ ಬಸ್ ಹತ್ತಿ ಊರು. ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ: ಮಳೆ ಜೋರಾದ್ರೆ ಕರೆಂಟ್ ಹೋಗುತ್ತೆ, ಗಾಳಿ ಬಂದ್ರೆ ಕರೆಂಟ್ ಹೋಗುತ್ತೆ, ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬಿದ್ರೆ ಬೆಳಿಗ್ಗೆವರೆಗೂ ಇಲ್ಲ. ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಹೊಸದರಲ್ಲಿ ಎಷ್ಟು ಬರ್ತಿತ್ತೋ ಏನೋ, ನನ್ನ ಕೈಗೆ ಬರೋ ಹೊತ್ತಿಗೆ ಒಂದೂವರೆ ಗಂಟೆ.

ಗಣೇಶನ ಹಬ್ಬಕ್ಕೆ ಊರಿಗೆ ಬಂದಾಗ ಅಸೈನ್‌ಮೆಂಟ್ ಅರ್ಧಕ್ಕೆ ನಿಂತು ಸಿಟ್ಟು ಬಂತು. ಪವರ್‌ಟಾಪ್ ಅಂತ ಒಂದು ಪ್ರೋಗ್ರಾಂ ಇದೆ, ಇಂಟೆಲ್‌ನವರು ಮಾಡಿದ್ದು. ಲ್ಯಾಪ್‌ಟಾಪ್‌ನಲ್ಲಿ ಯಾವುದು ಎಷ್ಟು ಕರೆಂಟ್ ತಿಂತಿದೆ ಅಂತ ತೋರಿಸುತ್ತೆ. ಅದರಲ್ಲಿ ಟ್ಯೂನಬಲ್ಸ್ ಅಂತ ಒಂದು ಪುಟ. ಪ್ರತಿ ಸಾಲಿನ ಮುಂದೆ "ಗುಡ್" ಇಲ್ಲಾ "ಬ್ಯಾಡ್". ನನ್ನದರಲ್ಲಿ ಸಾಲು ಸಾಲು ಬ್ಯಾಡ್. ಅದರಲ್ಲಿ ಯುಎಸ್‌ಬಿ ಸಾಧನಗಳ "ಆಟೋ ಸಸ್ಪೆಂಡ್" ಅನ್ನೋ ಸಾಲುಗಳೂ ಇದ್ದವು.

ಮಾರ್ಕ್ಸ್ ಕಾರ್ಡ್ ನೋಡಿ ಬೆಳೆದವರು ನಾವು. ಕೆಂಪು ಗೆರೆ ಕಂಡ್ರೆ ಸಮಾಧಾನ ಇರಲ್ಲ. ಒಂದೊಂದೇ ಸಾಲಿನ ಮೇಲೆ ಎಂಟರ್ ಒತ್ತಿ ಎಲ್ಲಾ ಗುಡ್ ಮಾಡಿದೆ. ರೀಸ್ಟಾರ್ಟ್ ಮಾಡಿದ್ರೆ ಮತ್ತೆ ಬ್ಯಾಡ್. ಸರಿ, ಆ ಕಮಾಂಡ್‌ಗಳನ್ನೆಲ್ಲಾ ಒಂದು ಸ್ಕ್ರಿಪ್ಟ್‌ಗೆ ಹಾಕಿ, ಆನ್ ಆದ ಕೂಡ್ಲೇ ತಾನೇ ಓಡೋ ಹಾಗೆ ಮಾಡಿ ಮಲಗಿದೆ. ಪ್ರತಿ ಸಾಲು ಏನು ಮಾಡುತ್ತೆ ಅಂತ ಓದಲಿಲ್ಲ. ಗುಡ್ ಅಂತ ಬರೆದಿತ್ತಲ್ಲ, ಸಾಕಿತ್ತು.

3/8

ಈಗ ಕಾಗದದ ವಿಷಯ.

ನಮ್ಮಜ್ಜ ತೀರಿಕೊಂಡು ಎರಡು ವರ್ಷ ಆಗಿತ್ತು. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ. ಪೌತಿ ಖಾತೆ ಮಾಡಿಸಬೇಕು, ಅಂದ್ರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ. ಅದಾಗದೇ ಸಾಲಕ್ಕೂ ತೊಂದರೆ, ಬೆಳೆ ಪರಿಹಾರಕ್ಕೂ ತೊಂದರೆ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಪಹಣಿ, ಜೊತೆಗೆ ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್. ಹೊರಗೆ ಬರೆಸಿದ್ರೆ ದುಡ್ಡು. ಮನೇಲಿ ಕಂಪ್ಯೂಟರ್ ಓದೋ ಮೊಮ್ಮಗು ಇರುವಾಗ ಹೊರಗೆ ಯಾಕೆ ಅಂತ ಅಜ್ಜಿ. ನನಗೂ ಹೆಮ್ಮೆ.

ದಸರಾ ರಜೆ. ಸಂಜೆ ಗುಡುಗು, ಎಂದಿನಂತೆ ಕರೆಂಟ್ ಇಲ್ಲ. ಜಗಲಿ ಮೇಲೆ ಕೂತು ಶುರು ಮಾಡಿದೆ. ಅಜ್ಜಿ ಮೊಬೈಲ್ ಟಾರ್ಚ್ ಹಿಡಿದು ಪಹಣಿ ಮೇಲೆ ಬೆಳಕು ಬಿಡ್ತಿತ್ತು. ನಾನು ಕಾಗದದ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, ನಂಬರ್ ಓದ್ಕೊಂಡು, ಮತ್ತೆ ಸ್ಕ್ರೀನ್ ಕಡೆ ತಿರುಗಿ ಟೈಪ್ ಮಾಡ್ತಿದ್ದೆ.

ಟೈಪ್ ಮಾಡೋವಾಗ ಆಗಾಗ ಅಕ್ಷರ ಬಿಟ್ಟುಹೋಗ್ತಿತ್ತು. ನಾನು ಬಳಸೋದು ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ, ನುಡಿಯಲ್ಲಿ ಇರೋದೂ ಅದೇ. ಅದರಲ್ಲಿ ಒಂದು ಕೀ ಹೋದ್ರೆ ಒಂದು ಅಕ್ಷರವೇ ಹೋದ ಹಾಗೆ. "ಅಜ್ಜಿ" ಅಂತ ಹೊಡೆದ್ರೆ "ಜ್ಜಿ". "ಮರಣ ಪ್ರಮಾಣ ಪತ್ರ" ಅಂತ ಹೊಡೆದ್ರೆ "ರಣ ಪ್ರಮಾಣ ಪತ್ರ". ಅದನ್ನ ಅಜ್ಜಿಗೆ ಓದಿ ಹೇಳಿದೆ, ಇಬ್ಬರೂ ನಕ್ಕೆವು. "ನಿಮ್ಮಜ್ಜ ಯಾವ ರಣಕ್ಕೆ ಹೋಗಿದ್ರು ಮಾರಾಯ" ಅಂತು ಅಜ್ಜಿ. ಅಗ್ಗದ ಕೀಬೋರ್ಡ್, ಹಿಂಗೇ ಇರುತ್ತೆ ಅಂದುಕೊಂಡು ತಿದ್ದಿದೆ.

ಪದ ತಪ್ಪಾದ್ರೆ ಕಣ್ಣಿಗೆ ಹೊಡೆಯುತ್ತೆ. ಅಂಕಿ ತಪ್ಪಾದ್ರೆ? ನಿಜವಾದ ಸರ್ವೆ ನಂಬರ್ ಹಾಕಲ್ಲ, 114 ಅಂತ ಇಟ್ಕೊಳ್ಳಿ. ನಾನು ಹೊಡೆದಿದ್ದು 114. ಸ್ಕ್ರೀನ್ ಮೇಲೆ ಬಿದ್ದಿದ್ದು 14. ಹದಿನಾಲ್ಕೂ ಒಂದು ನಂಬರೇ ಅಲ್ವಾ, ನೋಡೋಕೆ ಚೆನ್ನಾಗೇ ಇತ್ತು.

4/8

ಮಾರನೇ ದಿನ ಸೊರಬಕ್ಕೆ ಹೋಗಿ, ಪೆನ್‌ಡ್ರೈವ್ ಕೊಟ್ಟು ಸ್ಟಾಂಪ್ ಪೇಪರ್ ಮೇಲೆ ಪ್ರಿಂಟ್ ತೆಗೆಸಿ, ನೋಟರಿ ಸಹಿ ಹಾಕಿಸಿ, ಎಲ್ಲಾ ಸೇರಿಸಿ ಕೊಟ್ಟು ಬಂದ್ವಿ. ಅಜ್ಜಿ ಬಸ್‌ಸ್ಟ್ಯಾಂಡ್ ಹತ್ರ ನನಗೆ ಮಂಡಕ್ಕಿ ಮಿರ್ಚಿ ಕೊಡಿಸ್ತು. ಕೆಲಸ ಆಯ್ತು ಅನ್ನೋ ಖುಷಿ.

ಆಗಿರಲಿಲ್ಲ. ಕೆಲವು ವಾರ ಆದ್ಮೇಲೆ ಗೊತ್ತಾಯ್ತು, ಅಫಿಡವಿಟ್‌ನಲ್ಲಿ ಇರೋ ಸರ್ವೆ ನಂಬರಿಗೂ ಪಹಣಿಗೂ ತಾಳೆ ಇಲ್ಲ, ಹೊಸದಾಗಿ ಮಾಡಿಸ್ಕೊಂಡು ಬನ್ನಿ ಅಂತ. ಕಚೇರಿಯವರದ್ದು ಏನೂ ತಪ್ಪಿಲ್ಲ, ಅದನ್ನ ಮೊದಲೇ ಹೇಳ್ತೀನಿ. 14ನೇ ನಂಬರು ಬೇರೆ ಯಾರದ್ದೋ ಜಮೀನು. ಅವರು ಕಣ್ಣು ಮುಚ್ಚಿ ಒಪ್ಪಿಕೊಂಡಿದ್ರೆ ಇನ್ನೂ ದೊಡ್ಡ ತಲೆನೋವಾಗ್ತಿತ್ತು.

ಅಷ್ಟರಲ್ಲಿ ಅಡಿಕೆ ಕೊಯ್ಲು ಶುರುವಾಗಿತ್ತು. ಅಜ್ಜಿ ಅಡಿಕೆ ಸುಲಿಯೋಕೆ ಹೋಗುತ್ತೆ, ಸುಲಿದಷ್ಟು ಕೂಲಿ. ಒಂದು ದಿನ ಸೊರಬಕ್ಕೆ ಹೋದ್ರೆ ಆ ದಿನದ ಕೂಲಿ ಹೋಯ್ತು, ಬಸ್ ಟಿಕೆಟ್ ಈಗ ಹೆಂಗಸರಿಗೆ ಇಲ್ಲ ಅಂದ್ರೂ ದಿನ ವಾಪಸ್ ಬರಲ್ಲ. ಮತ್ತೆ ಸ್ಟಾಂಪ್ ಪೇಪರ್, ಮತ್ತೆ ನೋಟರಿ.

ಫೋನಲ್ಲಿ ಅಜ್ಜಿ ಬೈಯಲಿಲ್ಲ. "ಹೋಗ್ಲಿ ಬಿಡು ಮಗಾ, ನಿನಗೂ ಓದೋದು ಬರೆಯೋದು ತುಂಬಾ ಇರುತ್ತೆ, ಗಡಿಬಿಡಿಯಾಗಿರುತ್ತೆ" ಅಂತು. ಬೈದಿದ್ರೆ ಚೆನ್ನಾಗಿತ್ತು. ಯಾಕಂದ್ರೆ ನಾನು ಗಡಿಬಿಡಿ ಮಾಡಿರಲಿಲ್ಲ. ಆ ಇಡೀ ಕಾಗದದಲ್ಲಿ ನಾನು ಅತೀ ನಿಧಾನವಾಗಿ, ಅತೀ ಜಾಗ್ರತೆಯಾಗಿ ಹೊಡೆದಿದ್ದು ಆ ಒಂದು ನಂಬರನ್ನೇ. ಅದೇ ಹೇಗೆ ತಪ್ಪಾಯ್ತು?

5/8

ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ರೂಮಲ್ಲಿ ಕೂತು ಪರೀಕ್ಷೆ ಮಾಡೋಕೆ ಶುರು ಮಾಡಿದೆ.

ಮೊದಲು ಕೀಬೋರ್ಡ್ ಮೇಲೆ ಅನುಮಾನ. ರೂಮ್‌ಮೇಟ್ ಕೀಬೋರ್ಡ್ ಹಾಕಿದೆ. ಅದರಲ್ಲೂ ಅಕ್ಷರ ನುಂಗುತ್ತೆ. ಆಮೇಲೆ ಪೋರ್ಟ್ ಮೇಲೆ ಅನುಮಾನ. ಬೇರೆ ಪೋರ್ಟ್, ಅದೇ ಕಥೆ. ನನ್ನ ಕೀಬೋರ್ಡ್ ಅವನ ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಒಂದಕ್ಷರವೂ ಹೋಗಲ್ಲ. ಅಂದ್ರೆ ರೋಗ ನನ್ನ ಲ್ಯಾಪ್‌ಟಾಪ್ ಒಳಗೇ ಇದೆ.

ಒಂದರಿಂದ ಒಂಬತ್ತರವರೆಗೆ ಸತತವಾಗಿ ನೂರು ಸಲ ಹೊಡೆದೆ. ಒಂದೂ ತಪ್ಪಿಲ್ಲ. ಚಹಾ ಕುಡಿದು ಬಂದು ಹೊಡೆದೆ: 23456789. ಒಂದು ಇಲ್ಲ! ಮತ್ತೆ ಹೊಡೆದೆ, ಸರಿ. ಮನಸ್ಸಲ್ಲೇ ಹತ್ತು ಎಣಿಸಿ ಹೊಡೆದೆ, ಮೊದಲನೇ ಅಂಕಿ ಮಾಯ. ಒಂದು ಎಣಿಸಿ ಹೊಡೆದೆ, ಎಲ್ಲಾ ಸರಿ. ಎರಡು ಎಣಿಸಿದ್ರೆ ಒಮ್ಮೊಮ್ಮೆ ಹೋಗುತ್ತೆ, ಮೂರು ಎಣಿಸಿದ್ರೆ ಹೆಚ್ಚುಕಮ್ಮಿ ಪ್ರತಿ ಸಲ ಹೋಗುತ್ತೆ.

ಆಗ ಮೌಸ್ ನೆನಪಾಯ್ತು. ಅದೂ ಹಾಗೇ ಮಾಡ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದ್ರೆ ಅಲ್ಲಾಡಿಸಿದ್ರೂ ಬಾಣ ಕದಲಲ್ಲ, ಒಂದು ಕ್ಲಿಕ್ ಮಾಡಬೇಕು. ಅದನ್ನೂ "ಹಳೇದು, ಹಿಂಗೇ" ಅಂತ ಬಿಟ್ಟಿದ್ದೆ.

ಲಿನಕ್ಸ್‌ನಲ್ಲಿ ಪ್ರತಿ ಯುಎಸ್‌ಬಿ ಸಾಧನಕ್ಕೂ ಒಂದು ಫೋಲ್ಡರ್ ಇರುತ್ತೆ, ಅದರೊಳಗೆ ಪವರ್ ಅಂತ ಇನ್ನೊಂದು. ಅಲ್ಲಿ "ಕಂಟ್ರೋಲ್" ಅನ್ನೋ ಫೈಲ್ ತೆಗೆದ್ರೆ "ಆಟೋ" ಅಂತಿದೆ. ಪಕ್ಕದ ಫೈಲ್‌ನಲ್ಲಿ 2000. ಮಿಲಿಸೆಕೆಂಡ್. ಅಂದ್ರೆ ಎರಡು ಸೆಕೆಂಡ್ ಯಾರೂ ಮಾತಾಡಿಸದಿದ್ರೆ ಆ ಸಾಧನವನ್ನ ಮಲಗಿಸಿಬಿಡು ಅಂತ ಅಪ್ಪಣೆ. ಅಪ್ಪಣೆ ಕೊಟ್ಟಿದ್ದು ಯಾರು? ಗಣೇಶನ ಹಬ್ಬದ ರಾತ್ರಿ ನಾನೇ.

ಪಹಣಿ ಕಡೆ ತಿರುಗಿ ನಂಬರ್ ಓದ್ಕೊಳ್ಳೋಕೆ ನನಗೆ ಎರಡು ಸೆಕೆಂಡಿಗಿಂತ ಜಾಸ್ತಿ ಬೇಕಾಗಿತ್ತು. ಅಷ್ಟರಲ್ಲಿ ಕೀಬೋರ್ಡ್ ಮಲಗಿತ್ತು. ಗಡಿಬಿಡಿಯಲ್ಲಿ ಬರೆದಿದ್ದೆಲ್ಲಾ ಸರಿ ಬಂದಿದೆ, ನಿಂತು ನೋಡಿ ಬರೆದಿದ್ದೇ ತಪ್ಪಾಗಿದೆ. ಹೆಸರು, ತಾರೀಖು, ನಂಬರ್, ಅಂದ್ರೆ ನಾವು ಎಲ್ಲೆಲ್ಲಿ ಹುಷಾರಾಗಿ ನಿಲ್ತೀವೋ ಅಲ್ಲೇ.

6/8

ಹೇಗೆ ಆಗುತ್ತೆ ಅಂತ ತಿಳ್ಕೊಂಡಿದ್ದನ್ನ ಸರಳವಾಗಿ ಹೇಳ್ತೀನಿ.

ಕಂಪ್ಯೂಟರ್ ಮತ್ತು ಯುಎಸ್‌ಬಿ ಸಾಧನದ ಮಧ್ಯೆ ಸದಾ ಏನಾದ್ರೂ ಓಡಾಡ್ತಾ ಇರುತ್ತೆ. ಆ ಓಡಾಟ 3 ಮಿಲಿಸೆಕೆಂಡ್ ನಿಂತ್ರೆ ಸಾಧನ ಮಲಗಬೇಕು, ಇದು ಯುಎಸ್‌ಬಿ ನಿಯಮ. ಕೀಬೋರ್ಡ್‌ನಂಥದ್ದು ಮಲಗಿದ್ರೂ ಬೆರಳು ತಾಗಿದ ಕೂಡ್ಲೇ "ಎದ್ದೇಳು" ಅಂತ ಕಂಪ್ಯೂಟರಿಗೆ ಸಂಕೇತ ಕಳಿಸಬಹುದು. ಆಮೇಲೆ ಕಂಪ್ಯೂಟರ್ ಕನಿಷ್ಠ 20 ಮಿಲಿಸೆಕೆಂಡ್ ಏಳಿಸೋ ಸಂಕೇತ ಕೊಡಬೇಕು, ಅದರ ಮೇಲೆ ಸುಧಾರಿಸ್ಕೊಳ್ಳೋಕೆ ಇನ್ನಷ್ಟು ಸಮಯ. ಒಳ್ಳೆ ಕೀಬೋರ್ಡ್ ಆದ್ರೆ ಅಷ್ಟು ಹೊತ್ತು ಆ ಮೊದಲ ಕೀಯನ್ನ ನೆನಪಿಟ್ಟುಕೊಂಡು ಎದ್ದಮೇಲೆ ಕೊಡುತ್ತೆ. ನನ್ನಂಥ 350 ರೂಪಾಯಿದು ಎಚ್ಚರ ಆಗುತ್ತೆ, ಆದ್ರೆ ಯಾಕೆ ಎಚ್ಚರ ಆಯ್ತು ಅನ್ನೋದನ್ನೇ ಮರೆತಿರುತ್ತೆ.

ಇದನ್ನ ಅಜ್ಜಿಗೆ ಹೇಳಿದಾಗ ಅಜ್ಜಿಗೆ ತಕ್ಷಣ ಅರ್ಥ ಆಯ್ತು. ನಮ್ಮ ಕಡೆ ಗದ್ದೆಗೆ ಹಂದಿ ಬರುತ್ತೆ ಅಂತ ಮಾಳ ಕಟ್ಟಿ ರಾತ್ರಿ ಕಾಯ್ತಾರಲ್ಲ. "ನಿಮ್ಮಜ್ಜ ಮಾಳದಾಗೆ ಮಲಗ್ತಿದ್ರು, ನಿದ್ದೆ ಮಾಡ್ತಿರ್ಲಿಲ್ಲ. ಒಂದು ಕಿವಿ ಗದ್ದೆ ಕಡೆನೇ. ನಿನ್ ಕೀಬೋರ್ಡ್ ಮಲಗೋದಲ್ಲ, ಗೊರಕೆ ಹೊಡಿತದೆ" ಅಂತು. ನಾನು ಓದಿದ್ದ ಡಾಕ್ಯುಮೆಂಟ್‌ಗಿಂತ ಇದು ಚೆನ್ನಾಗಿತ್ತು.

ಆ ಡಾಕ್ಯುಮೆಂಟ್ ಬರೆದವರು ಆಲನ್ ಸ್ಟರ್ನ್, ಕರ್ನಲ್‌ನಲ್ಲಿ ಯುಎಸ್‌ಬಿ ಕೆಲಸ ಮಾಡೋರು. ಅದನ್ನ ಓದಿದಾಗ ನನಗೆ ಒಂಥರಾ ನಾಚಿಕೆ ಆಯ್ತು. ಸುಮಾರು 2007ರಲ್ಲಿ ಈ ಸೌಲಭ್ಯ ಬಂದಾಗ ಎಷ್ಟೋ ಸ್ಕ್ಯಾನರ್, ಪ್ರಿಂಟರ್‌ಗಳು ಮಲಗಿದ ಮೇಲೆ ಸರಿಯಾಗಿ ಏಳ್ತಿರಲಿಲ್ಲ. "ಇವನ್ನ ಮಲಗಿಸಬೇಡಿ" ಅಂತ ಕರ್ನಲ್‌ನಲ್ಲೇ ಒಂದು ಪಟ್ಟಿ ಮಾಡಬೇಕಾಯ್ತು. ಮಲಗೋಕೆ ಬರದ ಸಾಧನಗಳು ತುಂಬಾ ಇವೆ ಅಂತ ಗೊತ್ತಿರೋದಕ್ಕೇ ಕರ್ನಲ್ ಈಗ ಹಬ್‌ಗಳನ್ನ ಬಿಟ್ಟು ಹೆಚ್ಚಿನವಕ್ಕೆ ಈ ಆಟೋ ಸಸ್ಪೆಂಡನ್ನ ತಾನಾಗಿ ಆನ್ ಮಾಡಲ್ಲ. ಅಂದ್ರೆ ಗೊತ್ತಿರೋರು ಹುಷಾರಾಗಿ ಬಾಗಿಲು ಹಾಕಿಟ್ಟಿದ್ರು. "ಬ್ಯಾಡ್" ಅನ್ನೋ ಒಂದು ಪದ ನೋಡಿ ಬಾಗಿಲು ತೆಗೆದಿದ್ದು ನಾನು.

"ಲಿನಕ್ಸ್ ಅಂದ್ರೆ ಹಿಂಗೇ" ಅಂತ ಕಾಮೆಂಟ್ ಹಾಕೋರಿಗೆ: ವಿಂಡೋಸ್‌ನಲ್ಲೂ ಇದೇ ಥರದ್ದು ಇದೆ, ಸೆಲೆಕ್ಟಿವ್ ಸಸ್ಪೆಂಡ್ ಅಂತ.

7/8

ನಿಮಗೂ ಹೀಗೆ ಆಗ್ತಿದೆಯಾ? ನೋಡ್ಕೊಳ್ಳಿ.

ಗುರುತು ಒಂದೇ: ತೊಂದರೆ ಬರೋದು ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ. ಕೀಬೋರ್ಡ್ ಮೊದಲಕ್ಷರ ನುಂಗುತ್ತೆ, ಮೌಸ್ ಒಂದು ಕ್ಲಿಕ್ ಬೇಡುತ್ತೆ, ಹೆಡ್‌ಸೆಟ್ ಶುರುವಿನ ಮಾತು ತಿನ್ನುತ್ತೆ. ಕೆಲಸ ಮಾಡ್ತಾ ಇದ್ದಾಗ ಎಲ್ಲಾ ಸರಿ. ಹಾಗಿದ್ರೆ ಕೀಬೋರ್ಡ್ ಬದಲಾಯಿಸೋಕೆ ಅಂಗಡಿಗೆ ಹೋಗೋ ಮೊದಲು ಇದನ್ನ ನೋಡಿ.

ಒಂದು, ಆ ಸಾಧನದ ಪವರ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಫೈಲ್ "ಆಟೋ" ಇದ್ರೆ "ಆನ್" ಅಂತ ಬರೀರಿ. ತಕ್ಷಣ ಸರಿಹೋಗುತ್ತೆ, ಆದ್ರೆ ಕಿತ್ತು ಹಾಕಿದ್ರೆ ಅಥವಾ ರೀಸ್ಟಾರ್ಟ್ ಮಾಡಿದ್ರೆ ಆ ಬದಲಾವಣೆ ಉಳಿಯಲ್ಲ. ಸರಿಹೋಯ್ತು ಅಂದ್ರೆ ಕಳ್ಳ ಸಿಕ್ಕ ಅಂತ ಅರ್ಥ.

ಎರಡು, ಎಲ್.ಎಸ್.ಯುಎಸ್‌ಬಿ ಕಮಾಂಡ್ ಕೊಟ್ರೆ ಪ್ರತಿ ಸಾಧನಕ್ಕೂ ನಾಲ್ಕು ಅಕ್ಷರ, ಕೋಲನ್, ನಾಲ್ಕು ಅಕ್ಷರದ ಒಂದು ಗುರುತಿನ ಸಂಖ್ಯೆ ಸಿಗುತ್ತೆ. ಅದನ್ನ ಹಾಕಿ ಯುಡೆವ್‌ನಲ್ಲಿ ಒಂದು ಸಾಲಿನ ರೂಲ್ ಬರೆದ್ರೆ, ಆ ಸಾಧನ ಚುಚ್ಚಿದಾಗೆಲ್ಲಾ ಎಚ್ಚರವಾಗಿಯೇ ಇರುತ್ತೆ. ಪೂರ್ತಿ ಕಮಾಂಡ್ ಮೂರನೇ ಫೋಟೋದಲ್ಲಿದೆ.

ಮೂರು, ನೀವು ಟಿಎಲ್‌ಪಿ ಬಳಸ್ತಿದ್ರೆ ಅದರ ಕಾನ್ಫಿಗ್ ಫೈಲ್‌ನಲ್ಲಿ ಯುಎಸ್‌ಬಿ ಡಿನೈಲಿಸ್ಟ್ ಅಂತ ಒಂದು ಸಾಲಿದೆ, ಅದೇ ಸಂಖ್ಯೆ ಅಲ್ಲಿ ಹಾಕಿ. ಕೀಬೋರ್ಡ್, ಮೌಸ್‌ಗಳನ್ನ ಟಿಎಲ್‌ಪಿ ತಾನೇ ಬಿಟ್ಟುಬಿಡುತ್ತೆ, ನನ್ನ ಸ್ಕ್ರಿಪ್ಟ್‌ಗಿಂತ ಅದಕ್ಕೆ ಬುದ್ಧಿ ಜಾಸ್ತಿ.

ನಾಲ್ಕು, ಯಾವುದೂ ಬೇಡ ಅಂದ್ರೆ ಬೂಟ್ ಆಗೋವಾಗಲೇ ಯುಎಸ್‌ಬಿ ಆಟೋ ಸಸ್ಪೆಂಡ್ ಬೆಲೆ ಮೈನಸ್ ಒಂದು ಅಂತ ಕೊಡಬಹುದು, ಆಗ ಡೀಫಾಲ್ಟಾಗಿ ಯಾರೂ ಮಲಗಲ್ಲ. ನಾನು ಇದನ್ನ ಮಾಡಲಿಲ್ಲ. ಒಬ್ಬ ಗೊರಕೆ ಹೊಡೆದ ಅಂತ ಊರಿಗೇ ನಿದ್ದೆ ಕೆಡಿಸೋದು ಬೇಡ. ವೆಬ್‌ಕ್ಯಾಮ್, ಬ್ಲೂಟೂತ್ ಎಲ್ಲಾ ಮಲಗಲಿ, ನನ್ನದರಲ್ಲಿ ಅವು ಚೆನ್ನಾಗಿ ಏಳ್ತವೆ.

ಇಷ್ಟೆಲ್ಲಾ ಮಾಡಿ ಎಷ್ಟು ಉಳಿಸಿದ್ದೆ ಗೊತ್ತಾ? ಕೀಬೋರ್ಡ್‌ನಂಥ ಕಡಿಮೆ ಕರೆಂಟಿನ ಸಾಧನ ತಗೊಳ್ಳಬಹುದಾದ ಮಿತಿ 100 ಮಿಲಿಆಂಪ್, 5 ವೋಲ್ಟ್. ಅಂದ್ರೆ ಜಾಸ್ತಿ ಅಂದ್ರೆ ಅರ್ಧ ವಾಟ್. ನನ್ನದು ಅದಕ್ಕಿಂತ ಎಷ್ಟೋ ಕಮ್ಮಿ. ಕೀಬೋರ್ಡ್ ಮಲಗಿಸಿ, ಎಬ್ಬಿಸಿ ಪವರ್‌ಟಾಪ್‌ನಲ್ಲಿ ನೋಡಿದೆ, ವ್ಯತ್ಯಾಸ ಕಣ್ಣಿಗೇ ಕಾಣಲಿಲ್ಲ. ಸ್ಕ್ರೀನ್ ಬೆಳಕು ಅರ್ಧ ಇಳಿಸಿದೆ, ಎದ್ದು ಕಾಣೋ ಹಾಗೆ ಕಮ್ಮಿ ಆಯ್ತು. ಅದನ್ನ ಮೊದಲನೇ ದಿನವೇ ಮಾಡಬಹುದಿತ್ತು.

8/8

ಹೋದ ಭಾನುವಾರ ಹೊಸ ಅಫಿಡವಿಟ್ ಮಾಡಿದ್ವಿ. ಕೀಬೋರ್ಡ್ ರಿಪೇರಿ ಆಗಿದೆ ಅಂತ ಅಜ್ಜಿಗೆ ತೋರಿಸಿದೆ. ಹತ್ತು ಎಣಿಸಿ, ಒಂದು ಒತ್ತಿ, ನೋಡು ಬಂತು ಅಂದೆ. ಅಜ್ಜಿ "ಹಂಗಾದ್ರೆ ಸರಿ, ಈಗ ಓದಿ ಹೇಳು" ಅಂತು.

"ಏನು ಓದಬೇಕು?"

"ಬರ್ದಿದ್ದನ್ನ. ಹೋದ್ಸಲನೂ ನೀನು ಓದಿ ಹೇಳ್ಲಿಲ್ಲ. ಆ ರಣದ್ದು ಒಂದು ಹೇಳಿ ನಕ್ಕಿದ್ದು ಅಷ್ಟೇ."

ಆಮೇಲೆ ಅಜ್ಜಿ ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ಈ ಜಮೀನು ಮೊದಲು ಗೇಣಿದು. ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ಆಗಿದ್ದು ಪಾಠದಲ್ಲಿ ಓದಿದ್ವಲ್ಲ. ಉಳುವವನಿಗೇ ಭೂಮಿ ಅನ್ನೋ ಕಾನೂನು ತಿದ್ದುಪಡಿ ಜಾರಿಗೆ ಬಂದಿದ್ದು ದೇವರಾಜ ಅರಸು ಕಾಲದಲ್ಲಿ, 1974ರ ಮಾರ್ಚ್ 1ರಂದು. ಗೇಣಿದಾರರು ಫಾರಂ 7 ತುಂಬಿ ಕೊಡಬೇಕಿತ್ತು. ಅಜ್ಜಿ ಆಗ ಹೊಸದಾಗಿ ಮದುವೆಯಾಗಿ ಬಂದಿತ್ತಂತೆ. ಅಜ್ಜನ ಫಾರಂ ಬರೆದುಕೊಟ್ಟಿದ್ದು ಊರಿನ ಶಾಲೆ ಮೇಷ್ಟ್ರು, ಇದೇ ಜಗಲಿ ಮೇಲೆ ಕೂತು. ಬರೆದು ಮುಗಿಸಿ ಮೂರು ಸಲ ಗಟ್ಟಿಯಾಗಿ ಓದಿದ್ರಂತೆ. ಓದೋಕೆ ಬರದವರ ಕಾಗದವನ್ನ ಬರೆದವನೇ ಓದಿ ಹೇಳಬೇಕು, ಇಲ್ಲದಿದ್ರೆ ಸಹಿ ಹಾಕಿಸ್ಕೊಬಾರದು ಅಂತ ಮೇಷ್ಟ್ರು ಹೇಳಿದ್ರಂತೆ. ಒಳಗೆ ಒಲೆ ಮುಂದೆ ಇದ್ದ ಅಜ್ಜಿಗೂ ನಂಬರ್ ಬಾಯಿಪಾಠ ಆಗಿತ್ತು.

"ನಂಗೆ ಓದಕ್ಕೆ ಬರಲ್ಲ ಮಗಾ. ಆದ್ರೆ ನಮ್ಮ ಗದ್ದೆ ನಂಬರ್ ಗೊತ್ತಿಲ್ವಾ ನಂಗೆ?"

ಐವತ್ತು ವರ್ಷದಿಂದ ಆ ನಂಬರ್ ಬಾಯಲ್ಲಿ ಇಟ್ಕೊಂಡಿದ್ದವರು ಪಕ್ಕದಲ್ಲೇ ಕೂತು ಟಾರ್ಚ್ ಹಿಡಿದಿದ್ರು. ನಾನು ಒಂದು ಸಲ ಗಟ್ಟಿಯಾಗಿ ಓದಿದ್ರೆ "ಹದಿನಾಲ್ಕಲ್ಲ" ಅಂತ ಆವತ್ತೇ ಹೇಳಿರೋರು. ಒಂದು ತಿಂಗಳು, ಎರಡು ದಿನದ ಕೂಲಿ, ಒಂದು ಸ್ಟಾಂಪ್ ಪೇಪರ್ ಉಳೀತಿತ್ತು. ಕೀಬೋರ್ಡ್ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆದ್ರೆ ಪೂರ್ತಿ ಸಿಟ್ಟನ್ನ ಅದರ ಮೇಲೇ ಹಾಕೋಕೆ ಆಗ್ತಿಲ್ಲ.

ಈ ಸಲ ಮೂರು ಸಲ ಓದಿದೆ. ಅಜ್ಜಿ ಎರಡು ಕಡೆ ತಿದ್ದಿಸ್ತು: ಅಜ್ಜನ ಅಪ್ಪನ ಹೆಸರಲ್ಲಿ ಒಂದು ಒತ್ತಕ್ಷರ, ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಪಶ್ಚಿಮ. ಅವೆರಡಕ್ಕೂ ಆಟೋ ಸಸ್ಪೆಂಡ್ ಕಾರಣ ಅಲ್ಲ, ಅವು ನನ್ನವೇ.

ಮಂಗಳವಾರ ಸೊರಬದಲ್ಲಿ ಕೊಟ್ಟು ಬಂದಿದೀವಿ. ಖಾತೆ ಆದ ಮೇಲೆ ಇಲ್ಲೇ ಹೇಳ್ತೀನಿ.

ನೀವೂ ಮನೆಯವರಿಗೆ ಅರ್ಜಿ ಟೈಪ್ ಮಾಡಿಕೊಡೋರು ಅಂತ ನನಗೆ ಗೊತ್ತು. ನಮ್ಮ ಕ್ಲಾಸಲ್ಲಿ ಅರ್ಧ ಜನ ಮನೆಯ ಗುಮಾಸ್ತರೇ. ಪಿಂಚಣಿ, ರೇಷನ್ ಕಾರ್ಡ್, ಬೆಳೆ ವಿಮೆ, ಏನೇ ಇರ್ಲಿ, ಪ್ರಿಂಟ್ ಕೊಡೋ ಮೊದಲು ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಗಟ್ಟಿಯಾಗಿ ಓದಿ. ನಿಮ್ಮ ಕೀಬೋರ್ಡ್ ಯಾವ ಅಕ್ಷರ ನುಂಗಿದೆ ಅಂತ ಕೆಳಗೆ ಬರೀರಿ. ಮೂರನೇ ಫೋಟೋ ಸೇವ್ ಮಾಡ್ಕೊಳ್ಳಿ.

#ಲಿನಕ್ಸ್ #ಯುಎಸ್‌ಬಿ #ಶಿಕಾರಿಪುರ #ಸೊರಬ #ಅಜ್ಜಿಹೇಳಿದ್ದು